ವಿಮಾನದ ಬಿಸಿನೆಸ್ ಕ್ಲಾಸ್‌ನಲ್ಲಿ ಕುಡಿಯುವುದು, ಕೇಳುವುದು, ಕಾಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯಲ್ಲಿ ವಿಮಾನದ ಟಿಕೆಟ್ ಮಾಡಿಸಿಕೊಡುವುದು ನನ್ನ ಕಸುಬು. ಉದ್ಯಮಬಾಗದ ಫೌಂಡ್ರಿ ಮಾಲೀಕರು ಜರ್ಮನಿಯ ಮೇಳಕ್ಕೆ ಹೋಗುತ್ತಾರೆ. ವಿಜಯಪುರ ಕಡೆಯ ಒಣದ್ರಾಕ್ಷಿ ವ್ಯಾಪಾರಿಗಳು ದುಬೈಗೆ ಹೋಗುತ್ತಾರೆ. ಬಾಗಲಕೋಟೆಯ ತಾಯಂದಿರು ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗುತ್ತಾರೆ. ಮೊದಲೆಲ್ಲ ಇವರು ಹಿಂದಿನ ಸೀಟಿನಲ್ಲೇ ಹೋಗುತ್ತಿದ್ದರು. ಈಗ ವಿಮಾನ ಕಂಪನಿ ಹಾಕಿಕೊಡುವ ಪಾಯಿಂಟ್ ಕೂಡಿಸಿಯೋ, ಮಕ್ಕಳು ಹಟ ಹಿಡಿದು ಟಿಕೆಟ್ ಕಳಿಸಿಯೋ ಮುಂದಿನ ಸೀಟಿಗೆ, ಅಂದರೆ ಬಿಸಿನೆಸ್ ಕ್ಲಾಸ್‌ಗೆ, ಬಂದಿದ್ದಾರೆ.

ಸೀಟು ಹಾಸಿಗೆಯಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಕುಡಿಯುವ ವಿಷಯ ಮಾತ್ರ ಕೇಳಲು ನಾಚಿಕೆ. ಹಾಗಾಗಿ ಉಳಿದದ್ದೆಲ್ಲ ಮಾತಾಡಿ, ಬಾಗಿಲ ತನಕ ಹೋಗಿ, ತಿರುಗಿ ಬಂದು ಕೇಳುತ್ತಾರೆ. ಅಂಗಡಿಯಲ್ಲಿ, ಫೋನಿನಲ್ಲಿ, ಕಾಗದದಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ಕುಡಿಯುವುದು ಅಂದರೆ ಬರೀ ದಾರೂ ಅಲ್ಲ. ನೀರು, ಚಹಾ, ಶರಬತ್ತು ಎಲ್ಲ ಸೇರಿಸಿ.

## ಮೊದಲ ಸಲ ಹೊರಟವರಿಗೆ

ಕುಡಿಯಾಕ ಕೊಡೋದಕ್ಕೆಲ್ಲ ಬ್ಯಾರೆ ರೊಕ್ಕ ಕೊಡಬೇಕೇನ್ರಿ?

ಇಲ್ಲ. ನೀರಿನಿಂದ ಹಿಡಿದು ಶಾಂಪೇನ್ ತನಕ ಎಲ್ಲ ಟಿಕೆಟ್ಟಿನಲ್ಲೇ ಬಂತು. ಇಳಿಯುವಾಗ ಬಿಲ್ ಬರುವುದಿಲ್ಲ. ನಡುವೆ ಒಮ್ಮೆ ಅತ್ತರು, ಕೈಗಡಿಯಾರ, ಬಾಟಲಿ ಇಟ್ಟುಕೊಂಡು ಒಂದು ಗಾಡಿ ಬರಬಹುದು. ಅದು ಡ್ಯೂಟಿ ಫ್ರೀ ಅಂಗಡಿ. ಅದರಲ್ಲಿದ್ದದ್ದಕ್ಕೆ ಮಾತ್ರ ದುಡ್ಡು.

ಬೆಳಗಾವಿಯಿಂದ ಬೆಂಗಳೂರಿಗೆ ಹೋಗೂಮುಂದ ಒಂದು ಬಿಯರ್ ಸಿಗತೈತೇನ್ರಿ?

ಸಿಗುವುದಿಲ್ಲ. ಭಾರತದ ಒಳಗೆ ಹಾರುವ ಯಾವ ವಿಮಾನದಲ್ಲೂ ಮದ್ಯ ಕೊಡುವುದಿಲ್ಲ, ಎಷ್ಟು ದುಡ್ಡು ಕೊಟ್ಟ ಸೀಟಾದರೂ ಅಷ್ಟೇ. ನಮ್ಮ ಸಾಂಬ್ರಾ ನಿಲ್ದಾಣದಿಂದ ಹತ್ತುವುದು ಎಟಿಆರ್ ಅನ್ನುವ ಸಣ್ಣ ವಿಮಾನ ಆಗಿದ್ದರೆ ಅದರಲ್ಲಿ ಬಿಸಿನೆಸ್ ಕ್ಲಾಸ್ ಅನ್ನುವುದೇ ಇರುವುದಿಲ್ಲ. ಸ್ಟಾರ್ ಏರ್‌ನ ಎಂಬ್ರೇಯರ್ 175 ವಿಮಾನದಲ್ಲಿ 12 ಬಿಸಿನೆಸ್ ಸೀಟು ಇವೆ. ಅಲ್ಲೂ ಜ್ಯೂಸ್, ಚಹಾ, ಕಾಫಿ ಇಷ್ಟೇ ಲೆಕ್ಕ. ಬೆಳಗಾವಿಯಿಂದ ಮುಂಬೈ, ಅಲ್ಲಿಂದ ಲಂಡನ್ ಅಂತ ಒಂದೇ ಟಿಕೆಟ್ ಇದ್ದರೂ ಮುಂಬೈ ದಾಟಿದ ಮೇಲೆಯೇ ಬಾಟಲಿ ತೆರೆಯುವುದು.

ನಾವು ಕುಡಿಯೋರಲ್ಲ. ಅಷ್ಟ ರೊಕ್ಕ ಕೊಟ್ಟು ಹೋಗೂದು ದಂಡ ಅಲ್ಲೇನ್ರಿ?

ದಂಡ ಅಲ್ಲ. ನನ್ನ ಕೇಳಿದರೆ, ಕುಡಿಯದವರಿಗೇ ಈ ಸೇವೆಯಿಂದ ಜಾಸ್ತಿ ಉಪಯೋಗ. ವಿಮಾನದ ಒಳಗಿನ ಗಾಳಿಯಲ್ಲಿ ತೇವಾಂಶ ಸಾಮಾನ್ಯವಾಗಿ 10ರಿಂದ 20 ಪರ್ಸೆಂಟ್ ಮಾತ್ರ. ನಮ್ಮ ವಿಜಯಪುರದ ಏಪ್ರಿಲ್ ತಿಂಗಳ ಮಧ್ಯಾಹ್ನ ನೋಡಿದವರಿಗೆ ಹೇಳುವುದೇ ಬೇಡ. ತುಟಿ ಒಣಗುತ್ತದೆ, ಗಂಟಲು ಕಟ್ಟುತ್ತದೆ. ಹಿಂದಿನ ಸೀಟಿನಲ್ಲಿ ಸಣ್ಣ ಲೋಟದ ನೀರಿಗೆ ಗಾಡಿ ಬರುವ ತನಕ ಕಾಯಬೇಕು. ಮುಂದೆ ಬಾಟಲಿ ಸೀಟಿನ ಪಕ್ಕದಲ್ಲೇ ಇರುತ್ತದೆ. ಖಾಲಿಯಾದರೆ ಇನ್ನೊಂದು.

ಇನ್ನು ಸೌದಿಯಾ, ಕುವೈತ್ ಏರ್‌ವೇಸ್ ಇವು ಮದ್ಯವನ್ನೇ ಇಟ್ಟುಕೊಳ್ಳದ ಕಂಪನಿಗಳು. ಅವಕ್ಕೂ ಬಿಸಿನೆಸ್ ಕ್ಲಾಸ್ ಇದೆ. ಅಲ್ಲಿ ಖರ್ಜೂರ, ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ತರತರದ ಜ್ಯೂಸ್ ನಡೆಯುತ್ತದೆ. ಬೇರೆ ಕಂಪನಿಗಳಲ್ಲೂ ಮೆನು ಕಾರ್ಡಿನಲ್ಲಿ ಮದ್ಯ ಇಲ್ಲದ ಪಾನೀಯಗಳ ಪಟ್ಟಿ ಬೇರೆ ಇರುತ್ತದೆ. ಅದು ಸಾಮಾನ್ಯವಾಗಿ ಕೊನೆಯ ಪುಟದಲ್ಲಿ ಇರುವುದರಿಂದ ನಮ್ಮವರು ನೋಡದೆ ಮಡಚಿಡುತ್ತಾರೆ. ಪೂರ್ತಿ ತಿರುವಿ ನೋಡಿ.

ನಮ್ಮ ಅವ್ವಗ ಇಂಗ್ಲಿಷ್ ಬರೂದಿಲ್ಲ. ಒಬ್ಬಕಿನ ಹೊಂಟಾಳ. ನೀರ ಬೇಕಂದ್ರ ಹೆಂಗ ಕೇಳತಾಳ?

ಈ ಪ್ರಶ್ನೆ ಕೇಳುವವರು ಬಾಗಲಕೋಟೆ, ಜಮಖಂಡಿ, ಮುಧೋಳ ಕಡೆಯ ಮಕ್ಕಳು. ಅವ್ವ ಗಟ್ಟಿ ಇರುತ್ತಾಳೆ, ಹೆದರುವವರು ಇವರೇ.

ನಾನು ಕೊಡುವ ಉಪಾಯ ಒಂದು ದಪ್ಪ ಕಾಗದ. ಅದರಲ್ಲಿ ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಬಿಸಿ ನೀರು ಕೊಡಿ. ಐಸ್ ಬೇಡ. ಸಕ್ಕರೆ ಇಲ್ಲದ ಚಹಾ ಕೊಡಿ. ಈಗ ಗುಳಿಗೆ ತಗೊಳ್ಳಬೇಕು, ನೀರು ಕೊಡಿ. ನಾನು ಮೊಟ್ಟೆ, ಮಾಂಸ ತಿನ್ನುವುದಿಲ್ಲ. ಇಷ್ಟು ಸಾಕು. ಸಾಲುಗಳ ಮುಂದೆ ದೊಡ್ಡದಾಗಿ ನಂಬರ್ ಹಾಕಿ. ಬೆರಳಿಟ್ಟು ತೋರಿಸಿದರೆ ಕೆಲಸ ಆಯಿತು. ಓದಲು ಬಾರದ ಅವ್ವನಾದರೆ ಲೋಟ, ಗುಳಿಗೆ, ಚಹಾ ಕಪ್ಪಿನ ಚಿತ್ರ ಬರೆದುಕೊಡಿ. ಮೊಮ್ಮಕ್ಕಳಿಂದ ಬರೆಸಿದರೆ ಇನ್ನೂ ಚೆನ್ನ.

ಇನ್ನೊಂದು ಕೆಲಸ ಹತ್ತುವಾಗಲೇ ಆಗಬೇಕು. ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ಆ ಕಾಗದ ಒಮ್ಮೆ ತೋರಿಸಲು ಹೇಳಿ. ಈಕೆ ಒಬ್ಬಳೇ ಇದ್ದಾಳೆ, ಮಾತು ಬಾರದು ಅಂತ ಮೊದಲೇ ಗೊತ್ತಾದರೆ ಅವರು ತಾವಾಗಿಯೇ ಬಂದು ನೋಡಿಕೊಳ್ಳುತ್ತಾರೆ. ಕರೆಯುವ ಬಟನ್ ಮೇಲೆ ಮನುಷ್ಯನ ಚಿತ್ರ ಇರುತ್ತದೆ. ಅದನ್ನು ಒತ್ತಿದರೆ ದೀಪ ಹತ್ತುತ್ತದೆ. ಯಾರೂ ಬರಲಿಲ್ಲ ಅಂತ ಮತ್ತೆ ಒತ್ತಬಾರದು ಅಂತ ಒತ್ತಿ ಹೇಳಿ. ಎರಡನೇ ಸಲ ಒತ್ತಿದರೆ ಬಹಳ ವಿಮಾನಗಳಲ್ಲಿ ಕರೆ ರದ್ದಾಗುತ್ತದೆ. ಅವ್ವ ಒತ್ತುತ್ತಾಳೆ, ದೀಪ ಹತ್ತುತ್ತದೆ, ಮತ್ತೆ ಒತ್ತುತ್ತಾಳೆ, ದೀಪ ಆರುತ್ತದೆ. ಆಮೇಲೆ 'ಯಾರೂ ಬರಲೇ ಇಲ್ಲ ನೋಡಪ್ಪ' ಅಂತ ದೂರು.

ಒಮ್ಮೆ ಬ್ಯಾಡ ಅಂದ್ನಿ. ಮುಂದ ತಿರುಗಿ ಕೇಳಲೇ ಇಲ್ಲ. ಇದೇನ ಮರ್ಯಾದಿ?

ನನಗೆ ಬರುವ ದೂರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ. ಬೇರೇನೂ ಓದದಿದ್ದರೂ ಇದನ್ನು ಓದಿ.

ನಮ್ಮ ಕಡೆ ಮನೆಗೆ ಬಂದವರಿಗೆ ನೀರು, ಬೆಲ್ಲ ಕೊಡುತ್ತೇವೆ. ಆಮೇಲೆ 'ಚಾ ಮಾಡಲೇನ್ರಿ' ಅಂತ ಕೇಳುತ್ತೇವೆ. ಬಂದವರು 'ಬ್ಯಾಡ್ರಿ, ಈಗರ ಕುಡದ ಬಂದೀನಿ' ಅನ್ನುತ್ತಾರೆ. ಅದನ್ನು ಯಾರೂ ನಂಬುವುದಿಲ್ಲ. ಅಷ್ಟರಲ್ಲಿ ಒಳಗೆ ಒಲೆಯ ಮೇಲೆ ಪಾತ್ರೆ ಏರಿರುತ್ತದೆ. 'ಅರ್ಧ ಕಪ್ ರೀ' ಅಂತ ಒತ್ತಾಯ ಮಾಡಿ ತುಂಬಿದ ಕಪ್ ಕೈಗೆ ಕೊಡುತ್ತೇವೆ. ಮೊದಲ ಸಲ ಒಲ್ಲೆ ಅನ್ನುವುದು ಬಂದವರ ಮರ್ಯಾದೆ, ಬಿಡದೆ ಕೊಡುವುದು ಮನೆಯವರ ಮರ್ಯಾದೆ.

ವಿಮಾನದಲ್ಲಿ ಈ ಆಟ ನಡೆಯುವುದಿಲ್ಲ. ಬೇಡ ಅಂದರೆ ಬೇಡ ಅಂತಲೇ ತಿಳಿಯಲು ಅವರಿಗೆ ಕಲಿಸಿರುತ್ತಾರೆ. ಒಬ್ಬ ಪ್ರಯಾಣಿಕನಿಗೆ ಮೇಲಿಂದ ಮೇಲೆ ಪಾನೀಯ ಒತ್ತಾಯ ಮಾಡುವುದು ಅವರ ಕಣ್ಣಿಗೆ ಒರಟುತನ. ಧಾರ್ಮಿಕ ಕಾರಣಕ್ಕೋ, ಕಾಯಿಲೆಗೋ, ನಿದ್ದೆಗೋ ಬೇಡ ಅಂದಿರಬಹುದು ಅಲ್ವಾ? ಅವರು ನಮ್ಮ ಮಾತಿಗೆ ಬೆಲೆ ಕೊಟ್ಟು ಸುಮ್ಮನಾಗುತ್ತಾರೆ. ನಾವು ಅದನ್ನೇ ಅಸಡ್ಡೆ ಅಂದುಕೊಂಡು, ಬಾಯಾರಿ, ಮುಖ ಊದಿಸಿಕೊಂಡು ಇಳಿಯುತ್ತೇವೆ.

ಅದಕ್ಕೆ ಬೇಕಿದ್ದರೆ ಮೊದಲ ಸಲಕ್ಕೇ ಹೂಂ ಅನ್ನಿ. ಈಗ ಬೇಡ, ಊಟದ ಜೊತೆ ಬೇಕು ಅನ್ನುವುದಾದರೆ ಹಾಗೆಯೇ ಬಿಡಿಸಿ ಹೇಳಿ. 'ಲೇಟರ್, ವಿತ್ ಮೀಲ್' ಅಂದರೆ ಸಾಕು. ಬೇಡ ಅಂದ ಮೇಲೆ ಮನಸ್ಸು ಬದಲಾದರೆ ನೀವೇ ಕರೆದು ಕೇಳಿ. ಹಾಗೆ ಕೇಳಿದರೆ ಅದು ಬೇಡುವುದಾಗುವುದಿಲ್ಲ. ಹಿರಿಯರಿಗೆ ಇದು ಎಷ್ಟು ಹೇಳಿದರೂ ಒಗ್ಗುವುದಿಲ್ಲ. ಹೊರಡುವ ಮುಂಚೆ ಮನೆಯಲ್ಲಿ ಒಮ್ಮೆ ಆಡಿ ತೋರಿಸಿ ಅಂತ ನಾನು ಮಕ್ಕಳಿಗೆ ಹೇಳುತ್ತೇನೆ. ನಗುತ್ತಾರೆ, ಆದರೆ ಮಾಡುತ್ತಾರೆ.

## ಸೀಟಿನಲ್ಲಿ ಕೂತ ಮೇಲೆ

ಕುಂತ ಕೂಡ್ಲೆ ಒಂದು ಗ್ಲಾಸ್ ಕೊಟ್ರು. ಕೆಲವರು ಶಾಂಪೇನ್ ಬರತೈತಿ ಅಂದಿದ್ರು, ನಮಗ ಬರೇ ಜ್ಯೂಸ್ ಬಂತು. ಮೋಸ ಏನ್ರಿ?

ಮೋಸ ಇಲ್ಲ. ವಿಮಾನದ ಮದ್ಯಕ್ಕೆ ಸುಂಕ ಕಟ್ಟಿರುವುದಿಲ್ಲ. ಹೀಗಾಗಿ ಎಷ್ಟೋ ದೇಶಗಳಲ್ಲಿ ವಿಮಾನ ನೆಲದ ಮೇಲೆ ಇರುವ ತನಕ ಆ ಪೆಟ್ಟಿಗೆಗೆ ಕಸ್ಟಮ್ಸ್ ಸೀಲ್ ಇರುತ್ತದೆ. ಹಾರಿದ ಮೇಲೆ ಸೀಲ್ ಒಡೆಯುತ್ತಾರೆ. ಅದೇ ಕಂಪನಿ ಬೇರೆ ಊರಿನಿಂದ ಹೊರಡುವಾಗ ಕೂತ ಕೂಡಲೇ ಶಾಂಪೇನ್ ಕೊಟ್ಟೀತು. ಇನ್ನು, ಗ್ಲಾಸು ಗಾಜಿನದು. ವಿಮಾನ ಓಡಲು ಶುರುವಾಗುವ ಮುಂಚೆ ಎಲ್ಲ ವಾಪಸ್ ತೆಗೆದುಕೊಂಡು ಭದ್ರ ಮಾಡಲೇಬೇಕು. ಕೊನೆಗೆ ಹತ್ತಿದವರ ಕೈಯಿಂದ ಅರ್ಧ ಕುಡಿದ ಗ್ಲಾಸ್ ಕಸಿದುಕೊಂಡಂತೆ ಕಾಣುವುದು ಇದಕ್ಕೇ.

ಚಹಾ ಯಾಕ್ರಿ ಮನಿ ಚಹಾದಂಗ ಇರೂದಿಲ್ಲ? ಅಷ್ಟ ದೊಡ್ಡ ಕಂಪನಿ, ಒಂದು ಚಹಾ ಮಾಡಾಕ ಬರೂದಿಲ್ಲ?

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲಿ ಕುದಿಯುತ್ತದೆ. ವಿಮಾನ ಎಷ್ಟೇ ಎತ್ತರ ಹಾರಲಿ, ಒಳಗಿನ ಗಾಳಿಯ ಒತ್ತಡವನ್ನು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು ಇಡುತ್ತಾರೆ. ಅಲ್ಲಿ ನೀರು 92ರಿಂದ 94 ಡಿಗ್ರಿಗೇ ಕುದಿಯುತ್ತದೆ. ಚಹಾಪುಡಿ ಪೂರ್ತಿ ಬಣ್ಣ ಬಿಡುವುದಿಲ್ಲ. ಒಲೆ ಇಲ್ಲ, ಹಾಲು ಹಾಕಿ ಕುದಿಸುವ ಮಾತೇ ಇಲ್ಲ. ಬರುವುದು ಬಿಸಿ ನೀರು, ಒಂದು ಪೊಟ್ಟಣ, ಮೇಲೊಂದಿಷ್ಟು ಹಾಲು. ಅದರ ಮೇಲೆ ಆ ಒಣ ಗಾಳಿಯಲ್ಲಿ ಮೂಗು ಕಟ್ಟಿ ಸಿಹಿಯ ರುಚಿಯೂ ಮಂಕಾಗಿರುತ್ತದೆ. ಬೋಯಿಂಗ್ 787, ಏರ್‌ಬಸ್ ಎ350 ವಿಮಾನಗಳಲ್ಲಿ ಒಳಗಿನ ಒತ್ತಡ 6,000 ಅಡಿ ಲೆಕ್ಕದ್ದು, ಹಾಗಾಗಿ ಅಲ್ಲಿ ಚಹಾ ಒಂದು ಕೂದಲೆಳೆ ವಾಸಿ.

ಎರಡು ಪೊಟ್ಟಣ ಹಾಕಲು ಹೇಳಿ. ನೀರು ಕಡಿಮೆ, ಹಾಲು ಬಿಸಿಯಾಗಿರಲಿ ಅಂತ ಹೇಳಿ. ಐದು ನಿಮಿಷ ಮುಚ್ಚಿಡಿ. ಇಷ್ಟು ಮಾಡಿದರೂ ಖಡಕ್ ಚಹಾ ಆಗುವುದಿಲ್ಲ, ಆದರೆ ಕುಡಿಯಬಹುದು. ಕಾಫಿ ಕುಡಿಯುವವರ ಪಾಡು ಸ್ವಲ್ಪ ಚೆನ್ನಾಗಿದೆ. ಕೆಲವು ಕಂಪನಿಗಳು ಬಿಸಿನೆಸ್ ಕ್ಲಾಸ್‌ಗೆ ಎಸ್ಪ್ರೆಸೊ ಯಂತ್ರ ಇಟ್ಟಿವೆ. ನಮ್ಮ ಕಡೆಯ ಚಹಾದವರಿಗೆ ಅದರಿಂದ ಏನು ಬಂತು.

ಗ್ಲಾಸ್ ಖಾಲಿಯಾಗಿ ಅರ್ಧ ತಾಸಾತು. ಬಟನ್ ಒತ್ತಿದ್ರ ಸಿಟ್ಟಾಗತಾರೇನ್ರಿ?

ಸಿಟ್ಟಾಗುವುದಿಲ್ಲ. ಆದರೆ ಸಮಯ ನೋಡಿ ಒತ್ತಿ. ವಿಮಾನ ಏರುವಾಗ, ಇಳಿಯುವಾಗ ಒತ್ತಿದರೆ ಅವರು ಏನೋ ಅನಾಹುತ ಅಂದುಕೊಳ್ಳುತ್ತಾರೆ. ಊಟ ಹಂಚುವ ಹೊತ್ತಿನಲ್ಲಿ ಎಲ್ಲರೂ ನಿಮ್ಮ ಕಣ್ಣೆದುರೇ ಓಡಾಡುತ್ತಿರುತ್ತಾರೆ, ಆಗ ಕಣ್ಣು ಸೇರಿಸಿ ಗ್ಲಾಸ್ ಸ್ವಲ್ಪ ಎತ್ತಿ ತೋರಿಸಿದರೆ ಸಾಕು. ಊಟ ಮುಗಿದು ದೀಪ ಮಂದ ಆದ ಮೇಲೆ ಬಟನ್ ಒತ್ತುವುದೇ ಸರಿ. ಅಥವಾ ಎದ್ದು ಪರದೆಯ ಹಿಂದಿನ ಅಡುಗೆ ಜಾಗಕ್ಕೆ ಹೋಗಿ ಕೇಳಿ. ಅದನ್ನು ಗ್ಯಾಲಿ ಅನ್ನುತ್ತಾರೆ. ಬಿಸಿನೆಸ್ ಕ್ಲಾಸ್‌ನವರು ಅಲ್ಲಿ ಹೋಗಿ ನಿಂತರೆ ಯಾರೂ ಬೇಸರ ಮಾಡುವುದಿಲ್ಲ. ಕಾಲಿಗೂ ಒಳ್ಳೆಯದು. ನಾಲ್ಕು ಮಾತಾಡಿದರೆ ಮುಂದೆ ನಿಮ್ಮ ಸೀಟಿನ ಕಡೆ ಕಣ್ಣು ತಾನಾಗಿಯೇ ಬೀಳುತ್ತದೆ. ಇದನ್ನು ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ.

ಚಿಟಿಕೆ ಹೊಡೆದು ಕರೆಯುವುದು, ತೋಳು ಮುಟ್ಟಿ ಕರೆಯುವುದು ಬೇಡ. ಖಾನಾವಳಿಯಲ್ಲಿ 'ಏ ತಮ್ಮಾ' ಅಂತ ಕರೆಯುವ ರೂಢಿಯನ್ನು ಸಾಂಬ್ರಾದಲ್ಲೇ ಬಿಟ್ಟು ಹತ್ತಿ.

ಬೆಲ್ಟಿನ ದೀಪ ಹತ್ತಿತ್ತು ಅಂತ ಕಾಫಿ ಕೊಡಲಿಲ್ಲ. ವಿಮಾನ ಅಲುಗಾಡಾಕತ್ತಿರಲೂ ಇಲ್ಲ.

ಅಲುಗಾಡುವ ಮುಂಚೆಯೇ ದೀಪ ಹತ್ತಿಸುವುದು. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಾಪುರಕ್ಕೆ ಹೊರಟಿದ್ದ ಸಿಂಗಾಪುರ್ ಏರ್‌ಲೈನ್ಸ್ ವಿಮಾನ ಭಾರೀ ಕುಲುಕಾಟಕ್ಕೆ ಸಿಕ್ಕಿ ಬ್ಯಾಂಕಾಕಿನಲ್ಲಿ ಇಳಿಯಬೇಕಾಯಿತು. ಒಬ್ಬರು ತೀರಿಕೊಂಡರು, ಬಹಳ ಜನರಿಗೆ ಪೆಟ್ಟಾಯಿತು. ಅದಾದ ಮೇಲೆ ಆ ಕಂಪನಿ ಬೆಲ್ಟಿನ ದೀಪ ಹತ್ತಿದ್ದಾಗ ಬಿಸಿ ಪಾನೀಯ ಮಾತ್ರ ಅಲ್ಲ, ಊಟ ಬಡಿಸುವುದನ್ನೂ ನಿಲ್ಲಿಸಿತು. ಸೇವೆಗೆ ಹೆಸರಾದ ಕಂಪನಿಯೇ ಹೀಗೆ ಮಾಡಿದೆ ಅಂದರೆ ನಾವು ಒಂದು ಕಾಫಿಗೆ ಕಾಯಬಹುದು.

ನಡುರಾತ್ರಿ ಒಬ್ಬರೂ ಕಾಣಲಿಲ್ಲ. ಎಲ್ಲಾರೂ ಎಲ್ಲಿ ಹೋಗತಾರ್ರಿ?

ಮಲಗಲು. ತಮಾಷೆ ಅಲ್ಲ. ದೂರದ ವಿಮಾನಗಳಲ್ಲಿ ಸಿಬ್ಬಂದಿಗೆ ಸರದಿ ಪ್ರಕಾರ ವಿಶ್ರಾಂತಿ ಕೊಡುವುದು ನಿಯಮ. ಬೋಯಿಂಗ್ 777, 787 ವಿಮಾನಗಳಲ್ಲಿ ಪ್ರಯಾಣಿಕರ ತಲೆಯ ಮೇಲಿನ ಅಟ್ಟದಲ್ಲಿ ಅವರಿಗೆ ಸಣ್ಣ ಹಾಸಿಗೆಗಳಿವೆ. ಏಣಿ ಹತ್ತಿ ಹೋಗುತ್ತಾರೆ. ಆ ಹೊತ್ತಿನಲ್ಲಿ ಅರ್ಧ ಜನ ಮಾತ್ರ ಎಚ್ಚರ ಇರುತ್ತಾರೆ. ಇರುವವರೂ ಕತ್ತಲಲ್ಲಿ ಮಲಗಿದವರನ್ನು ಎಬ್ಬಿಸಬಾರದು ಅಂತ ಮೆಲ್ಲಗೆ ಓಡಾಡುತ್ತಾರೆ. ದೀಪ ಆರಿಸುವ ಮುಂಚೆ ಎರಡು ಬಾಟಲಿ ನೀರು ಇಸಿದುಕೊಂಡು ಪಕ್ಕದಲ್ಲಿಟ್ಟುಕೊಳ್ಳಿ.

ಸಿಬ್ಬಂದಿಗೆ ಏನರ ಕೊಡಬೇಕೇನ್ರಿ? ಟಿಪ್ಸ್ ಅಂತಾರಲ್ಲ.

ದುಡ್ಡು ಕೊಡಬೇಡಿ, ಬಹಳ ಕಂಪನಿಗಳಲ್ಲಿ ಅವರು ತೆಗೆದುಕೊಳ್ಳುವಂತಿಲ್ಲ. ಪ್ರೀತಿಯಿಂದ ಕೊಡಲೇಬೇಕು ಅನಿಸಿದರೆ ಸೀಲ್ ಆದ ಸಿಹಿ ಡಬ್ಬಿ ನಡೆಯುತ್ತದೆ. ಕುಂದಾ ಮೆತ್ತಗಿರುತ್ತದೆ, ಕೈಚೀಲ ತಪಾಸಣೆಯಲ್ಲಿ ಮಾತು ಬೆಳೆಯಬಹುದು. ಗೋಕಾಕ ಅಥವಾ ಅಮೀನಗಡದ ಕರದಂಟು ವಾಸಿ. ಹತ್ತುವಾಗಲೇ ಕೊಡಿ.

## ಒಂದೆರಡು ಸಲ ಹೋಗಿ ಬಂದವರಿಗೆ

ಯಾವ ಸೀಟ್ ತಗೊಂಡ್ರ ಚಲೋ ನೋಡಿಕೊಳ್ತಾರ?

ಮೊದಲು ಕ್ಯಾಬಿನ್ ಎಷ್ಟು ದೊಡ್ಡದು ನೋಡಿ. ಏರ್ ಇಂಡಿಯಾದ ಎ320 ವಿಮಾನದಲ್ಲಿ ಬಿಸಿನೆಸ್ ಸೀಟು 8 ಇರಬಹುದು. ಕತಾರ್ ಏರ್‌ವೇಸ್‌ನ ಕ್ಯೂಸೂಟ್ ಅನ್ನುವ ಬಾಗಿಲಿನ ಸೀಟು ಇರುವ 777ರಲ್ಲಿ 42. ಎಮಿರೇಟ್ಸ್‌ನ ಎ380ಯಲ್ಲಿ 76 ತನಕ. ಎಂಟು ಜನರ ಗ್ಲಾಸ್ ನೆನಪಿಡುವುದು ಬೇರೆ, ಎಪ್ಪತ್ತಾರು ಜನರದ್ದು ಬೇರೆ. ದೊಡ್ಡ ವಿಮಾನದಲ್ಲಿ ಬಿಸಿನೆಸ್ ಕ್ಲಾಸನ್ನು ಎರಡು ಭಾಗ ಮಾಡಿರುತ್ತಾರೆ. ಸಣ್ಣ ಭಾಗ ಸಿಕ್ಕರೆ ಬಿಡಬೇಡಿ. ಎ380ಯ ಮೇಲಿನ ಮಹಡಿಯ ಹಿಂದೆ ಎಮಿರೇಟ್ಸ್ ಒಂದು ಬಾರ್ ಇಟ್ಟಿದೆ. ಅಲ್ಲಿ ಎದ್ದು ಹೋಗಿ ನಿಂತು ಕೇಳಿದರೆ ಕಾಯುವ ಪ್ರಶ್ನೆಯೇ ಇಲ್ಲ.

ಆಮೇಲೆ ಗ್ಯಾಲಿ. ಅದರ ಹತ್ತಿರದ ಸೀಟಿನವರು ಸಿಬ್ಬಂದಿಯ ಕಣ್ಣಿಗೆ ಪದೇ ಪದೇ ಬೀಳುತ್ತಾರೆ. ಆದರೆ ಪಾತ್ರೆ ಸದ್ದು, ಬೆಳಕು, ಮಾತು ಎಲ್ಲ ನಿಮ್ಮ ಕಿವಿಗೇ. ನಿದ್ದೆ ಬೇಕಾದವರು ಎರಡು ಸಾಲು ಬಿಟ್ಟು ಕೂರಿ.

ಬಾಗಿಲಿರುವ ಸೀಟುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕತಾರ್ 2017ರಲ್ಲಿ ಬಿಸಿನೆಸ್ ಸೀಟಿಗೆ ಬಾಗಿಲು ಇಟ್ಟಿತು. ಈಗ ಬಹಳ ಕಂಪನಿಗಳು ಅದೇ ದಾರಿ ಹಿಡಿದಿವೆ. ಎಲ್ಲರಿಗೂ ಅದೇ ಬೇಕು. ನನಗೆ ಅಷ್ಟು ಇಷ್ಟ ಇಲ್ಲ. ಬಾಗಿಲು ಹಾಕಿಕೊಂಡರೆ ನಿಮ್ಮ ಖಾಲಿ ಗ್ಲಾಸ್ ಯಾರಿಗೆ ಕಾಣಬೇಕು? ಮೊದಲು ನಡಿಗೆಯಲ್ಲಿ ಒಂದು ಕಣ್ಣು ಹಾಯಿಸಿದರೆ ಎಡಬಲದ ನಾಲ್ಕು ಟೇಬಲ್ ಕಾಣುತ್ತಿತ್ತು. ಈಗ ಗೋಡೆಯ ಮೇಲಿಂದ ಇಣುಕಬೇಕು. ಇಣುಕಿದರೆ ಪ್ರಯಾಣಿಕನಿಗೆ ಕಿರಿಕಿರಿ, ಇಣುಕದಿದ್ದರೆ ಅಸಡ್ಡೆ ಅಂತ ದೂರು. ಕೆಲವು ಸೀಟಿನಲ್ಲಿ ತೊಂದರೆ ಕೊಡಬೇಡಿ ಅನ್ನುವ ಗುಂಡಿ ಬೇರೆ ಇರುತ್ತದೆ. ಗೊತ್ತಿಲ್ಲದೆ ಅದನ್ನು ಒತ್ತಿ, ಊಟದ ಹೊತ್ತು ಮುಗಿಯುವ ತನಕ ಯಾರೂ ಬರಲಿಲ್ಲ ಅಂತ ಬೈದವರನ್ನು ನಾನು ಬಲ್ಲೆ. ಊಟ ಮುಗಿಯುವ ತನಕ ಬಾಗಿಲು ತೆರೆದಿಡಿ.

ಮನ್ಯಾಗ ಕುಡಿಯೋ ವೈನ್ ಅಲ್ಲಿ ಹುಳಿ ಹುಳಿ ಅನಿಸ್ತು. ಕಳಪೆ ಮಾಲ್ ಏನ್ರಿ?

ಮಾಲು ಅದೇ, ನಾಲಿಗೆ ಬೇರೆ. ಒಣ ಗಾಳಿ, ಕಡಿಮೆ ಒತ್ತಡ, ಎಂಜಿನ್ ಸದ್ದು ಮೂರೂ ಸೇರಿ ಸಿಹಿ, ಉಪ್ಪಿನ ರುಚಿ ಮತ್ತು ವಾಸನೆ ತಗ್ಗುತ್ತವೆ. ಹುಳಿ, ಒಗರು ಎದ್ದು ಕಾಣುತ್ತವೆ. ಹಣ್ಣಿನ ರುಚಿ ಜಾಸ್ತಿ ಇರುವ, ಒಗರು ಕಡಿಮೆ ಇರುವ ವೈನ್ ಮೇಲೆ ಚೆನ್ನಾಗಿರುತ್ತದೆ. ಬಾಟಲಿ ತೋರಿಸಿ, ಒಂದು ಗುಟುಕು ಹಾಕಿ ರುಚಿ ನೋಡಲು ಕೊಡಿ ಅಂತ ಕೇಳುವುದು ಬಿಸಿನೆಸ್ ಕ್ಲಾಸ್‌ನಲ್ಲಿ ಮಾಮೂಲು. ಹಿಡಿಸದಿದ್ದರೆ ಬೇರೆ ಕೇಳಿ.

ಇದಕ್ಕೆ ತಿರುಗಾಮುರುಗಾ ಟೊಮೇಟೊ ಜ್ಯೂಸ್. ನೆಲದ ಮೇಲೆ ಅದನ್ನು ಮೂಸದವರೂ ವಿಮಾನದಲ್ಲಿ ಕೇಳುತ್ತಾರೆ ಅಂತ ಜರ್ಮನಿಯ ಲುಫ್ತಾನ್ಸಾ ಗಮನಿಸಿತು. ಅಲ್ಲಿನ ಫ್ರೌನ್‌ಹೋಫರ್ ಸಂಸ್ಥೆ ಕಡಿಮೆ ಒತ್ತಡದ ಕೋಣೆಯಲ್ಲಿ ಜನರನ್ನು ಕೂರಿಸಿ ರುಚಿ ಪರೀಕ್ಷೆ ಮಾಡಿತು. ನೆಲದ ಮೇಲೆ ಮಣ್ಣಿನ ವಾಸನೆ ಅಂದವರಿಗೇ ಅಲ್ಲಿ ಅದು ಹಣ್ಣಿನ ಹಾಗೆ, ಸಿಹಿಯಾಗಿ ಅನಿಸಿತು. ಮೇಲೊಂದಿಷ್ಟು ಮೆಣಸಿನ ಪುಡಿ ಕೇಳಿ ಹಾಕಿಸಿಕೊಳ್ಳಿ. ನಮ್ಮ ಖಾರದ ನಾಲಿಗೆಗೆ ಒಗ್ಗುತ್ತದೆ.

ನಾವು ಜೈನರು. ವೈನ್ ಅಂದ್ರ ದ್ರಾಕ್ಷಿ ರಸ ತಾನೇ, ಅದು ಶಾಕಾಹಾರ ಆಗತೈತಲ್ಲ?

ಯಾವಾಗಲೂ ಅಲ್ಲ. ವೈನನ್ನು ತಿಳಿಗೊಳಿಸಲು ಕೆಲವರು ಮೊಟ್ಟೆಯ ಬಿಳಿಭಾಗ, ಹಾಲಿನ ಪ್ರೋಟೀನ್ ಅಥವಾ ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನು ಬಳಸುತ್ತಾರೆ. ಆಮೇಲೆ ಸೋಸುತ್ತಾರೆ, ಆದರೂ ಮುಟ್ಟಿದ್ದು ಮುಟ್ಟಿದ್ದೇ ಅನ್ನುವವರಿಗೆ ಅದು ನಡೆಯುವುದಿಲ್ಲ. ಜೈನ ಊಟ ಬೇಕು ಅಂತ ಮೊದಲೇ ಬರೆಸಿದರೂ ಅದು ತಟ್ಟೆಗೆ ಮಾತ್ರ. ಪಾನೀಯಕ್ಕೆ ಅನ್ವಯಿಸುವುದಿಲ್ಲ. ಸಿಬ್ಬಂದಿಗೆ ಇಷ್ಟು ವಿವರ ಗೊತ್ತಿರುವುದಿಲ್ಲ, ಬಾಟಲಿಯ ಚೀಟಿ ನೀವೇ ಓದಬೇಕು.

ಎಷ್ಟ ಬೇಕಾದ್ರೂ ಕೊಡತಾರ ಅಂದ್ರಿ. ಮೂರನೇದಕ್ಕ ನನಗ ಇಲ್ಲ ಅಂದ್ರಲ್ಲ?

ಅದೂ ನಿಗಾದ ಒಂದು ಭಾಗ. ನೀವು ಗಮನಿಸದ್ದನ್ನು ಅವರು ಗಮನಿಸಿದ್ದಾರೆ. ಮಾತು ತೊದಲಿತೋ, ದನಿ ಏರಿತೋ, ಅವರು ನಿಧಾನ ಮಾಡುತ್ತಾರೆ. ಮೊದಲು ನೀರು ತಂದಿಡುತ್ತಾರೆ. ಆಮೇಲೆ ತಡ ಮಾಡುತ್ತಾರೆ. ಕೊನೆಗೆ ಇಲ್ಲ ಅನ್ನುತ್ತಾರೆ. ನಶೆ ಏರಿದವರಿಗೆ ಮತ್ತೆ ಕೊಡಬಾರದು ಅನ್ನುವುದು ಅಮೆರಿಕದ ವಿಮಾನಯಾನ ನಿಯಮದಲ್ಲೇ ಇದೆ. ನಿಮ್ಮದೇ ಬಾಟಲಿ ತೆಗೆದು ಕುಡಿಯುವುದೂ ಅಲ್ಲಿ ಅಪರಾಧ. ಡ್ಯೂಟಿ ಫ್ರೀಯಲ್ಲಿ ಕೊಂಡದ್ದು ಸೀಲ್ ಸಮೇತ ಮನೆಗೆ ಬರಬೇಕು.

ಜಗಳಕ್ಕೆ ಇಳಿದರೆ ಕಷ್ಟ. ನಮ್ಮ ದೇಶದ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ 2017ರಲ್ಲಿ ತಂದ ನಿಯಮದಲ್ಲಿ ಮೂರು ಹಂತ ಇವೆ. ಬೈಗುಳಕ್ಕೆ 3 ತಿಂಗಳ ತನಕ ವಿಮಾನ ಬಂದ್. ಕೈ ಮಾಡಿದರೆ 6 ತಿಂಗಳ ತನಕ. ಜೀವಕ್ಕೆ ಅಪಾಯ ತಂದರೆ ಕಡಿಮೆ ಅಂದರೂ 2 ವರ್ಷ.

ಮೈಯ ಲೆಕ್ಕ ಬೇರೆ ಇದೆ. ಜರ್ಮನಿಯ ಏರೋಸ್ಪೇಸ್ ಸಂಸ್ಥೆಯ ಒಂದು ಅಧ್ಯಯನ 2024ರಲ್ಲಿ ಹೊರಬಂತು. ಗಟ್ಟಿಮುಟ್ಟಾದ ಪ್ರಾಯದವರಿಗೆ ಮದ್ಯ ಕೊಟ್ಟು, 8,000 ಅಡಿ ಎತ್ತರಕ್ಕೆ ಸಮನಾದ ಒತ್ತಡದಲ್ಲಿ ಮಲಗಿಸಿ ನೋಡಿದರು. ನಿದ್ದೆಯಲ್ಲಿ ರಕ್ತದ ಆಮ್ಲಜನಕ 85 ಪರ್ಸೆಂಟ್ ಹತ್ತಿರಕ್ಕೆ ಇಳಿಯಿತು, ಎದೆಬಡಿತ ನಿಮಿಷಕ್ಕೆ 88ರ ಹತ್ತಿರಕ್ಕೆ ಏರಿತು. ಪ್ರಾಯದವರಿಗೇ ಹೀಗೆ. ಹೃದಯ, ಶ್ವಾಸಕೋಶದ ತೊಂದರೆ ಇರುವ ಹಿರಿಯರು ಕುಡಿದು ಹಾಸಿಗೆ ಚಾಚಿ ಮಲಗುವುದು ಬೇಡ ಅಂತ ನಾನಂತೂ ಹೇಳುತ್ತೇನೆ. ಡಾಕ್ಟರನ್ನೂ ಕೇಳಿ.

ಯಾವ ಕಂಪನಿ ಛಲೋ ನೋಡಿಕೊಳ್ತದ ಅಂತ ನಿಮ್ಮ ಬಾಯಾಗ ಹೇಳ್ರಿ.

ಹೆಸರು ಹೇಳಿದರೆ ಒಂದು ವಾರದಲ್ಲಿ ಯಾರಾದರೂ ಬಂದು ಉಲ್ಟಾ ಅನುಭವ ಹೇಳುತ್ತಾರೆ. ಒಂದೇ ಕಂಪನಿಯ ಎರಡು ವಿಮಾನದಲ್ಲಿ ಅಜಗಜಾಂತರ ಇರುತ್ತದೆ, ಯಾಕೆಂದರೆ ಸೇವೆ ಆ ದಿನದ ತಂಡದ್ದು. ಹೇಗೆ ಅಳೆಯಬೇಕು ಅನ್ನುವುದನ್ನು ಮಾತ್ರ ಹೇಳಬಲ್ಲೆ.

ಮೊದಲ ಗ್ಲಾಸ್ ನೋಡಿ ತೀರ್ಮಾನ ಮಾಡಬೇಡಿ. ಅದನ್ನು ಎಲ್ಲರೂ ನಗುನಗುತ್ತಾ ಕೊಡುತ್ತಾರೆ, ಅದು ಪುಸ್ತಕದಲ್ಲಿ ಬರೆದ ಕೆಲಸ. ಎರಡನೆಯದು ಹೇಗೆ ಬಂತು ನೋಡಿ. ಕೇಳದೆ ಬಂತಾ? ಮೊದಲು ನೀವು ಐಸ್ ಬೇಡ ಅಂದಿದ್ದು ನೆನಪಿತ್ತಾ? ಊಟದ ತಟ್ಟೆ ತೆಗೆಯಲು ಬಂದವರು ಖಾಲಿ ಲೋಟ ಕಂಡೂ ಸುಮ್ಮನೆ ಹೋದರಾ? ಎದ್ದ ತಕ್ಷಣ ನೀರು ಬಂತಾ, ಇಲ್ಲ ತಿಂಡಿಯ ಗಾಡಿ ಬರುವ ತನಕ ಕಾದಿರಾ? ಕಿಟಕಿಯ ಕಡೆ ಮುಖ ಮಾಡಿ ಕೂತವರನ್ನೂ ಮಾತಾಡಿಸಿದರಾ? ಇವುಗಳಲ್ಲಿ ನಿಜ ಗೊತ್ತಾಗುತ್ತದೆ.

ಅತಿಯಾದರೂ ಚೆನ್ನಾಗಿರುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಬಂದು ಎಲ್ಲ ಸರಿಯಾ ಅಂತ ಕೇಳುವ ತಂಡ ಇರುತ್ತದೆ. ಸಿನಿಮಾ ನಿಲ್ಲಿಸಿ, ಕಿವಿಯ ಹೆಡ್‌ಫೋನ್ ತೆಗೆದು, ಹೂಂ ಅಂದು, ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಮತ್ತೊಬ್ಬರು ಬರುತ್ತಾರೆ. ಒಳ್ಳೆಯ ಕೈ ಮಾತಿಲ್ಲದೆ ಗ್ಲಾಸ್ ತುಂಬಿ ಹೋಗುತ್ತದೆ, ಬಂದದ್ದೂ ಗೊತ್ತಾಗುವುದಿಲ್ಲ. ಅಂಥವರು ಸಿಕ್ಕರೆ ಇಳಿಯುವಾಗ ಹೆಸರು ಓದಿಕೊಂಡು ಕಂಪನಿಗೆ ಎರಡು ಸಾಲು ಬರೆಯಿರಿ. ನಮ್ಮವರು ಬೈಯಲು ಬರೆಯುತ್ತಾರೆ, ಹೊಗಳಲು ಬರೆಯುವುದಿಲ್ಲ.

## ತಕರಾರು ಮಾಡುವವರಿಗೆ

ಸೇವಾ ಸರಿ ಇರಲಿಲ್ಲ. ಇಳಿದ ಮ್ಯಾಲ ನಿಮಗ ಫೋನ್ ಮಾಡೀನಿ. ಏನರ ಮಾಡ್ರಿ.

ಇಳಿದ ಮೇಲೆ ನನ್ನಿಂದ ಆಗುವುದು ಕಡಿಮೆ. ವಿಮಾನದಲ್ಲಿ ಇರುವಾಗಲೇ ಹೇಳಬೇಕಿತ್ತು. ಸಿಬ್ಬಂದಿಯ ಮೇಲೆ ಒಬ್ಬರು ಹಿರಿಯರು ಇರುತ್ತಾರೆ. ಪರ್ಸರ್, ಕ್ಯಾಬಿನ್ ಮ್ಯಾನೇಜರ್, ಕಂಪನಿಗೊಂದು ಹೆಸರು. ಅವರನ್ನು ಕರೆಸಿ ದನಿ ಏರಿಸದೆ ಹೇಳಿ. 'ನಿಮ್ಮವರು ಯಾರೂ ನೋಡಲೇ ಇಲ್ಲ' ಅನ್ನುವುದಕ್ಕಿಂತ 'ಊಟವಾದ ಮೇಲೆ ಬಟನ್ ಒತ್ತಿದೆ, ಯಾರೂ ಬರಲಿಲ್ಲ, ನೀರು ಬೇಕು' ಅಂದರೆ ಕೆಲಸ ಬೇಗ ಆಗುತ್ತದೆ. ಅವರಿಗೆ ವರದಿ ಬರೆಯುವ ಅಧಿಕಾರ ಇದೆ. ಅವರು ಬರೆದದ್ದು ನಿಮ್ಮ ದೂರಿಗೆ ಸಾಕ್ಷಿ ಆಗುತ್ತದೆ.

ಬಿಸಿ ಕಾಫಿ ಮೈಮ್ಯಾಲ ಚೆಲ್ಲಿದ್ರ ಯಾರ ಜವಾಬ್ದಾರಿ?

ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದ ಅಂತ ಇದೆ, ಭಾರತವೂ ಅದಕ್ಕೆ ಸೇರಿದೆ. ಅದರ ಪ್ರಕಾರ ವಿಮಾನದಲ್ಲಿ ಅಪಘಾತದಿಂದ ಗಾಯವಾದರೆ ಕಂಪನಿ ಪರಿಹಾರ ಕೊಡಬೇಕು. ಮಯೋರ್ಕಾದಿಂದ ವಿಯೆನ್ನಾಕ್ಕೆ ಹೊರಟ ವಿಮಾನದಲ್ಲಿ ಒಂದು ಹುಡುಗಿಯ ಮೈಮೇಲೆ ಅಪ್ಪನ ಟೇಬಲ್ಲಿನಲ್ಲಿದ್ದ ಕಾಫಿ ಚೆಲ್ಲಿ ಸುಟ್ಟಿತ್ತು. ಕಪ್ ಯಾಕೆ ಜಾರಿತು ಅನ್ನುವುದು ಗೊತ್ತಾಗಲಿಲ್ಲ. ಆದರೂ ಅದು ಅಪಘಾತವೇ ಅಂತ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರಲ್ಲಿ ಹೇಳಿತು. ಚೆಲ್ಲಿದರೆ ಮೊದಲು ತಣ್ಣೀರು, ಆಮೇಲೆ ಫೋಟೋ, ಆಮೇಲೆ ಸಿಬ್ಬಂದಿಯಿಂದ ಬರಹದಲ್ಲಿ ವರದಿ.

ಗ್ಲಾಸ್ ತುಂಬಲಿಲ್ಲ ಅಂತ ಟಿಕೆಟ್ ರೊಕ್ಕ ವಾಪಸ್ ಬರತೈತೇನ್ರಿ? ಕೋರ್ಟಿಗೆ ಹೋಗಲೇನ್ರಿ?

ಬರೀ ಅಷ್ಟಕ್ಕೇ ಆದರೆ ವಾಪಸ್ ಬರುವುದಿಲ್ಲ. ಕಂಪನಿಗೆ ಬರೆದರೆ ಕ್ಷಮೆ ಕೇಳುತ್ತಾರೆ, ಒಂದಿಷ್ಟು ಪಾಯಿಂಟ್ ಹಾಕುತ್ತಾರೆ. ನನಗೆ ಅಷ್ಟು ಸಾಕು ಅನಿಸುತ್ತದೆ. ಉತ್ತರವೇ ಬರದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾದಲ್ಲಿ ದೂರು ಹಾಕಿ. ಅಲ್ಲಿ ಹಾಕಿದ ದೂರು ಕಂಪನಿಗೆ ಹೋಗುತ್ತದೆ.

ದೊಡ್ಡದಾಗಿ ಏನಾದರೂ ಕೆಟ್ಟಿದ್ದರೆ ಮಾತು ಬೇರೆ. ಸಕ್ಕರೆ ಕಾಯಿಲೆಯವರಿಗೆ ಕೇಳಿದರೂ ನೀರು, ಜ್ಯೂಸ್ ಕೊಡಲಿಲ್ಲ, ಬಿಸಿನೆಸ್ ಸೀಟಿನ ದುಡ್ಡು ಕೊಟ್ಟವರನ್ನು ಹಿಂದೆ ಕೂರಿಸಿದರು, ಅಂಥದ್ದು. ಆಗ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಕಂಪನಿಯ ಆಫೀಸು ದೆಹಲಿಯಲ್ಲಿರಲಿ, ದುಬೈಯಲ್ಲಿರಲಿ, ನೀವು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಘಟನೆ ನಡೆದು 2 ವರ್ಷದ ಒಳಗೆ ಕೊಡಬೇಕು. ಕೊಟ್ಟ ದುಡ್ಡು 5 ಲಕ್ಷದ ತನಕ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಟಿಕೆಟ್, ಬೋರ್ಡಿಂಗ್ ಪಾಸ್, ಕಂಪನಿಯ ಜೊತೆಗಿನ ಪತ್ರಗಳು ಇವೆಲ್ಲ ಎತ್ತಿಟ್ಟಿರಿ. ಬೋರ್ಡಿಂಗ್ ಪಾಸನ್ನು ಬಹಳ ಜನ ಇಳಿದ ಕೂಡಲೇ ಹರಿದು ಎಸೆಯುತ್ತಾರೆ. ಆಮೇಲೆ ಅದರ ನಕಲು ಕೊಡಿ ಅಂತ ನನ್ನ ಅಂಗಡಿಗೆ ಬರುತ್ತಾರೆ. ಅದು ನನ್ನ ಹತ್ತಿರ ಇರುವುದಿಲ್ಲ.